ಮೊದಲ ಕಪ್ಪೆ ಕೂಗುವ ಮುನ್ನ: ಹೊಲ ಕಲಿಸಿದ ಏಳು ಪಾಠಗಳು

ಮಂಚೇನಹಳ್ಳಿ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿಯಲ್ಲಿ ಬಹುಕಾಲ ಕಾಣುವುದು ಒಣ ಪಾತ್ರವೇ. ಕೆರೆ, ಕುಂಟೆ, ಬೋರ್‌ವೆಲ್ ನಂಬಿ ರಾಗಿ, ಕಡಲೆಕಾಯಿ, ರೇಷ್ಮೆ ಮಾಡಿಕೊಂಡು ಬಂದವರು ನಾವು. ಇಂಥ ಒಣನೆಲದಲ್ಲಿ ಹುಳು ಮರಳಿತೇ, ಕಪ್ಪೆ ಕೂಗಿತೇ ಎಂದು ನೋಡುವುದೂ ಬೇಸಾಯದ ಕೆಲಸವೇ. ಬೇಸಿಗೆಯಲ್ಲಿ ನಾವು ನೆಲವನ್ನು ಹೇಗೆ ನಡೆಸಿಕೊಂಡೆವು ಎಂಬುದಕ್ಕೆ ಮೊದಲ ಮಳೆಯ ರಾತ್ರಿ ಉತ್ತರ ಸಿಗುತ್ತದೆ.

1. ಮೊದಲು ಹುಳು, ಆಮೇಲೆ ಕಪ್ಪೆ. ಹುಳುಗಳನ್ನು ಹೂವು ಕರೆಯುತ್ತದೆ, ಕಪ್ಪೆಗಳನ್ನು ಮಳೆ ಕರೆಯುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹಳೆಯ ಎಲೆ ಉದುರಿಸಿ, ಚಿಗುರಿ, ತಿಳಿನೇರಳೆ ಛಾಯೆಯ ಹೂ ಬಿಡುತ್ತದೆ. ಹನಿ ಮಳೆಯಿಲ್ಲದ ಆ ದಿನಗಳಲ್ಲೂ ಬೆಳಗ್ಗೆ ಮರದಡಿ ನಿಂತರೆ ತುಡುವೆ, ಕೋಲುಜೇನು, ಹೆಜ್ಜೇನುಗಳ ಝೇಂಕಾರ ಕೇಳಿಸುತ್ತದೆ. ಬೇವು ಹೂಬಿಟ್ಟರೆ ಅಲ್ಲಿಗೂ ಹೋಗುತ್ತವೆ. ಬದುವಿನ ಹೊಂಗೆ, ಬೇವು ಕಡಿದರೆ ಜೇನಿನ ಚೈತ್ರವನ್ನೇ ಕಡಿದ ಹಾಗೆ.

2. ಕಪ್ಪೆ ನಮ್ಮ ಕಾಲಡಿಯೇ ಇರುತ್ತದೆ. ಮಣ್ಣು ತೋಡುವ ಕಪ್ಪೆಯನ್ನು ಹತ್ತಿರದಿಂದ ನೋಡಿ: ಗುಂಡಗಿನ ಮೈ, ಗಿಡ್ಡ ಕಾಲು, ಹಿಂಗಾಲಿನ ಹಿಮ್ಮಡಿಯ ಬಳಿ ಗಟ್ಟಿಯಾದೊಂದು ಗಂಟು. ಆ ಗಂಟಿನಿಂದ ಮಣ್ಣು ಕೆರೆಯುತ್ತಾ ಹಿಂದುಹಿಂದಕ್ಕೆ ನೆಲದೊಳಗೆ ಇಳಿಯುತ್ತದೆ. ಬೇಸಿಗೆಯನ್ನು ಅಲ್ಲೇ ಕಳೆಯುತ್ತದೆ. ಹೂಳೆತ್ತುವಾಗ ಹೆಂಟೆಯೊಳಗೆ ಅಲುಗಾಡದ ಕಪ್ಪೆ ಸಿಕ್ಕರೆ ಸತ್ತಿದೆ ಎಂದು ಎಸೆಯಬೇಡಿ. ನೆರಳಿನ ಮೆತ್ತನೆ ಮಣ್ಣಿನಲ್ಲಿ ಬಿಡಿ. ಕೆರೆಯಂಗಳದ ಒಂದು ಅಂಚಿಗಾದರೂ ಜೆಸಿಬಿ ತಾಗದಿರಲಿ.

3. ಮಳೆಯ ಹೆಸರಿನಲ್ಲೇ ಲೆಕ್ಕ ಬರೆದಿಡಿ. ಭರಣಿ ಏಪ್ರಿಲ್ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ ಹುಟ್ಟುತ್ತವೆ. ಭರಣಿ ಬಂದರೆ ಧರಣಿ ಬದುಕೀತು ಎಂದು ಹಿರಿಯರು ಹೇಳುವ ಮಾತು ಕಪ್ಪೆಗಳಿಗೂ ಸಲ್ಲುತ್ತದೆ. ತುಂತುರಿಗೆ ಅವು ಏಳುವುದಿಲ್ಲ. ತಗ್ಗಿನಲ್ಲಿ ನೀರು ನಿಲ್ಲಬೇಕು. ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯನ್ನು ಬಯಲಲ್ಲಿಟ್ಟು ಸ್ಕೇಲಿನಿಂದ ಅಳೆದರೆ ಎಷ್ಟು ಮಿಲಿಮೀಟರ್ ಬಿತ್ತೆಂದು ಗೊತ್ತಾಗುತ್ತದೆ. ತಾರೀಖು, ಮಳೆ, ಕೂಗು ಕೇಳಿದ ಜಾಗ, ಇಷ್ಟು ಬರೆದರೆ ಸಾಕು. ಕೂಗು ಕೇಳದ ವರ್ಷವನ್ನೂ ಬರೆಯಿರಿ.

4. ಒಂದೊಂದೇ ದನಿ ಬಿಡಿಸಿ ಕೇಳಿ. ಮಳೆ ನಿಂತ ಮೇಲೆ, ಊಟ ಮುಗಿಸಿ ಟಾರ್ಚ್ ಹಿಡಿದು ಕುಂಟೆಯ ಬಳಿ ಹೋಗಿ. ಹಾವಿರುತ್ತವೆ, ಬೂಟಿಲ್ಲದೆ ಹೋಗಬೇಡಿ. ಗಟ್ಟಿಯಾಗಿ ಗುಟುರು ಹಾಕುವುದು ದೊಡ್ಡ ಗೂಳಿಗಪ್ಪೆ. ಕೂಡುವ ಆ ಕೆಲವೇ ದಿನ ಗಂಡಿನ ಮೈ ನಿಂಬೆ ಹಳದಿಗೆ ತಿರುಗುತ್ತದೆ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬುತ್ತದೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂಥ ಸದ್ದು ಬಂದರೆ ಅದು ಹೆಬ್ಬೆರಳ ತುದಿಯಷ್ಟೇ ಇರುವ ಕಿರುಬಾಯಿ ಕಪ್ಪೆ. ದನಿಗಳ ಬಗೆ ಕಡಿಮೆಯಾಗುತ್ತಿದ್ದರೆ ಎಚ್ಚರಗೊಳ್ಳಿ.

5. ಈಸಲು ಎದ್ದ ಸಂಜೆ ಅಂಗಳದ ದೀಪ ಆರಿಸಿ. ಮೊದಲ ಮಳೆಗೆ ಗೆದ್ದಲಿನ ಗೂಡಿನಿಂದ ರೆಕ್ಕೆ ಹುಳುಗಳು ಎದ್ದು ಬರುತ್ತವೆ. ತಿಂಗಳುಗಟ್ಟಲೆ ಹಸಿದಿರುವ ಕಪ್ಪೆಗಳಿಗೆ ಅದೇ ಹಬ್ಬದೂಟ. ಬೀದಿದೀಪಕ್ಕೆ ಹುಳು ಮುತ್ತಿದರೆ ಹಿಂದೆಯೇ ಕಪ್ಪೆಗಳೂ ರಸ್ತೆಗೆ ಬಂದು ಚಕ್ರಕ್ಕೆ ಸಿಕ್ಕುತ್ತವೆ. ಆ ರಾತ್ರಿ ಕೆರೆ ಪಕ್ಕದ ರಸ್ತೆಯಲ್ಲಿ ಗಾಡಿ ನಿಧಾನವಾಗಿ ಓಡಿಸಿ.

6. ಕೃಷಿಹೊಂಡಕ್ಕೆ ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಹೊದಿಸಿದ ಹೊಂಡಕ್ಕೆ ಇಳಿದ ಕಪ್ಪೆ ಆ ನುಣುಪಿನಲ್ಲಿ ಮೇಲೆ ಹತ್ತಲಾರದೆ ಸಾಯುತ್ತದೆ. ತೆಂಗಿನ ನಾರಿನ ದಪ್ಪ ಹಗ್ಗವನ್ನೋ ಗೋಣಿತಾಟನ್ನೋ ದಡದಿಂದ ನೀರಿನವರೆಗೆ ಕಟ್ಟಿದರೆ ಕಪ್ಪೆ, ಓತಿ, ಅಳಿಲು ಬದುಕುತ್ತವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವು ತುಂಬಿವೆ. ಆದರೆ ಸದಾ ನೀರಿರುವಲ್ಲಿ ಮೀನು ಬೆಳೆದು ಗೊದಮೊಟ್ಟೆಗಳನ್ನು ತಿನ್ನುತ್ತವೆ. ಹಲವು ಕಪ್ಪೆಗಳಿಗೆ ಬೇಕಾದದ್ದು ಮಳೆಗೆ ತುಂಬಿ ಬೇಸಿಗೆಗೆ ಒಣಗುವ ಕುಂಟೆ. ಮೊಟ್ಟೆಯಿಟ್ಟ ಮೇಲೆ ತಿಂಗಳು, ಒಂದೂವರೆ ತಿಂಗಳು ಆ ನೀರಿಗೆ ಮೋಟಾರು ಹಚ್ಚಬೇಡಿ.

7. ಮೊದಲ ಮಳೆಯ ವಾರ ಬದುವಿಗೆ ಕಳೆನಾಶಕ ಹೊಡೆಯಬೇಡಿ. ಕಪ್ಪೆ ನೀರು ಕುಡಿಯುವುದು ಚರ್ಮದ ಮೂಲಕ. ನೀರಿಗೆ ಬೆರೆತ ವಿಷವೂ ಅದೇ ದಾರಿಯಲ್ಲಿ ಮೈ ಸೇರುತ್ತದೆ. ಪಕ್ಕದ ಹೊಲದ ಔಷಧಿ ಸೊಪ್ಪಿಗೆ ತಾಗಿದರೆ ರೇಷ್ಮೆಹುಳು ಸಾಯುತ್ತದೆಂದು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಅದೇ ಕಾಳಜಿ ಬದುವಿಗೂ ಸಲ್ಲಬೇಕು. ಹಿಂದೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಟನ್‌ಗಟ್ಟಲೆ ಹೊರದೇಶಕ್ಕೆ ಹೋಗುತ್ತಿದ್ದವು. ಪೈರು ತಿನ್ನುವ ಹುಳುಗಳನ್ನು ಹಿಡಿಯುವ ಜೀವವನ್ನೇ ಮಾರುತ್ತಿದ್ದೇವೆಂಬ ಕೂಗೆದ್ದು, 1987ರಲ್ಲಿ ಆ ರಫ್ತು ನಿಷೇಧವಾಯಿತು. ಸರ್ಕಾರ ಬಂದರಿನಲ್ಲಿ ತಡೆದದ್ದನ್ನು ನಾವು ಹೊಲದಲ್ಲಿ ಕಳೆದುಕೊಳ್ಳಬಾರದು.

ಊರಿಗೊಂದು ಕುಂಟೆಯನ್ನಾದರೂ ಮುಚ್ಚದೆ, ಪ್ಲಾಸ್ಟಿಕ್ ಹೊದಿಸದೆ, ಇಳಿಜಾರು ದಡದೊಂದಿಗೆ ಉಳಿಸಿಕೊಳ್ಳೋಣ. ಯಾವ ಕುಂಟೆ ಎಂಬುದನ್ನು ಗ್ರಾಮಸಭೆಯಲ್ಲಿ ಭರಣಿಗೆ ಮುಂಚೆಯೇ ತೀರ್ಮಾನಿಸಿ, ಉದ್ಯೋಗ ಖಾತ್ರಿ ಕೆಲಸದ ಪಟ್ಟಿಗೆ ಸೇರಿಸಿ. ಮಳೆ ಬಿದ್ದ ಮೇಲೆ ಮಾಡುತ್ತೇವೆಂದರೆ ಆ ವರ್ಷದ ಕಪ್ಪೆಗಳಿಗೆ ತಡವಾಗಿರುತ್ತದೆ.