ಬೀದಿಯ ಬೆಕ್ಕು ಕಾಯಿಲೆ ಬಿದ್ದಾಗ

'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯನ್ನು ಕೇಳರಿಯದ ಕನ್ನಡಿಗರು ವಿರಳ. ಆದರೆ ಮುಂಬಯಿಯಂತಹ ಮಹಾನಗರದಲ್ಲಿ ಬೆಕ್ಕಿನ ಬಾಳೂ ಪ್ರಾಣಸಂಕಟದ್ದೇ. ಚಾಳಿನ ಮೆಟ್ಟಿಲ ಕೆಳಗೆ, ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ, ಹೌಸಿಂಗ್ ಸೊಸೈಟಿಯ ಕಾರುಗಳ ಅಡಿಯಲ್ಲಿ ಹುಟ್ಟಿ ಬೆಳೆಯುವ ಈ ಪ್ರಾಣಿಗೆ ಒಡೆಯನಿಲ್ಲ; ಪರಿಚಿತರು ಮಾತ್ರ ಅನೇಕರು. ದಿನವೂ ಬಾಗಿಲಿಗೆ ಬಂದು ಮೀನಿನ ತಲೆಗಾಗಿ ಕೂಗುತ್ತಿದ್ದ ಬೆಕ್ಕು ಒಂದು ಬೆಳಿಗ್ಗೆ ಕೂಗದೆ, ಮೂಲೆಯಲ್ಲಿ ಮುದುಡಿ, ಕಣ್ಣು ಮೂಗುಗಳಿಂದ ನೀರು ಸುರಿಸುತ್ತ ಕುಳಿತಿತೆಂದರೆ ಸುತ್ತಲಿನವರ ಮನ ಕರಗುವುದು ಸಹಜ.

ಆಗ ಸಾಮಾನ್ಯವಾಗಿ ಮೂರು ಸಲಹೆಗಳು ಬರುತ್ತವೆ. ಒಬ್ಬರು ಬಟ್ಟಲಲ್ಲಿ ಹಾಲು ತರುತ್ತಾರೆ. ಇನ್ನೊಬ್ಬರು ಜ್ವರದ ಮಾತ್ರೆಯ ಅರ್ಧವನ್ನು ಪುಡಿಮಾಡಿ ಕುಡಿಸೋಣವೆನ್ನುತ್ತಾರೆ. ಮತ್ತೊಬ್ಬರು, ಗೋಣಿಚೀಲದಲ್ಲಿ ಹಾಕಿಸಿ ದೂರದ ಮಾರುಕಟ್ಟೆಯಲ್ಲಿ ಬಿಡಿಸಿದರೆ ಕಟ್ಟಡಕ್ಕೆ ಸೋಂಕು ತಗಲದು ಎನ್ನುತ್ತಾರೆ. ಮೂವರೂ ಕೆಟ್ಟವರಲ್ಲ. ಆದರೆ ಮೊದಲನೆಯ ಉಪಚಾರ ಬೆಕ್ಕನ್ನು ಮತ್ತಷ್ಟು ಬಳಲಿಸುತ್ತದೆ, ಎರಡನೆಯದು ಕೊಲ್ಲುತ್ತದೆ, ಮೂರನೆಯದು ಕಣ್ಮರೆಯಲ್ಲಿ ಸಾಯಲು ಬಿಡುತ್ತದೆ. ಆದುದರಿಂದ ದಯೆಯೊಡನೆ ಸ್ವಲ್ಪ ತಿಳಿವಳಿಕೆಯೂ ಇರುವುದು ಅವಶ್ಯ.

ಹಾಲು, ಮಾತ್ರೆ, ಗೋಣಿಚೀಲ

ತಾಯಿಯ ಮೊಲೆ ಬಿಟ್ಟ ಬಳಿಕ ಬಹುತೇಕ ಬೆಕ್ಕುಗಳಿಗೆ ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕುಂದುತ್ತದೆ. ಹಸುವಿನ ಹಾಲು ಕುಡಿದ ರೋಗಿ ಬೆಕ್ಕಿಗೆ ಭೇದಿಯಾಗಿ, ಮೊದಲೇ ಬತ್ತಿದ ದೇಹದ ನೀರು ಇನ್ನೂ ಇಳಿದುಹೋಗುತ್ತದೆ.

ಮಾತ್ರೆಯ ವಿಷಯ ಇನ್ನೂ ಗಂಭೀರ. ನಮ್ಮ ಮನೆಗಳಲ್ಲಿರುವ ಜ್ವರದ ಮಾತ್ರೆ ಪ್ಯಾರಾಸಿಟಮಾಲ್. ಅದನ್ನು ನಿರಪಾಯಕಾರಿಯಾಗಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ಲೆಕ್ಕ ಸರಳವಾಗಿದೆ: 60 ಕಿಲೋ ತೂಗುವ ಮನುಷ್ಯನು 500 ಮಿಲಿಗ್ರಾಮಿನ ಒಂದು ಮಾತ್ರೆ ನುಂಗಿದರೆ ಕಿಲೋ ಒಂದಕ್ಕೆ ಸುಮಾರು 8 ಮಿಲಿಗ್ರಾಮ್, 3 ಕಿಲೋ ತೂಗುವ ಬೆಕ್ಕಿಗೆ ಅರ್ಧ ಮಾತ್ರೆ ಕೊಟ್ಟರೂ ಕಿಲೋ ಒಂದಕ್ಕೆ 80 ಮಿಲಿಗ್ರಾಮಿಗೂ ಹೆಚ್ಚು. ಅದರ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳೂ ಅಪಾಯಕರವೇ. ಯಾರಾದರೂ ತಿಳಿಯದೆ ಕೊಟ್ಟಿದ್ದರೆ ಸಂಕೋಚಪಡದೆ ಪಶುವೈದ್ಯರಿಗೆ ಆ ಕೂಡಲೇ ತಿಳಿಸಬೇಕು. ಪ್ಯಾರಾಸಿಟಮಾಲಿಗೆ ಪ್ರತಿವಿಷವುಂಟು, ಆದರೆ ತಡವಾದಷ್ಟೂ ಅದರಿಂದ ಆಗುವ ಪ್ರಯೋಜನ ಕಡಿಮೆ. ಬೆಕ್ಕು ಮಲಗಿದ ಜಾಗವನ್ನು ಫಿನೈಲಿನಿಂದ ತೊಳೆಯುವುದೂ ಸಲ್ಲದು. ಪಾದಕ್ಕಂಟಿದ್ದನ್ನು ಬೆಕ್ಕು ನೆಕ್ಕುತ್ತದೆ. ನಾಯಿಗೆಂದು ತಯಾರಿಸಿದ ಚಿಗಟದ ಔಷಧವನ್ನೂ ಹಚ್ಚಬಾರದು.

ಇನ್ನು ಗೋಣಿಚೀಲ. ಅಪರಿಚಿತ ಸ್ಥಳದಲ್ಲಿ ಬಿಟ್ಟ ರೋಗಿ ಬೆಕ್ಕಿಗೆ ಅನ್ನವೂ ಇಲ್ಲ, ಆಸರೆಯೂ ಇಲ್ಲ. ಅದರ ರೋಗ ಮಾತ್ರ ಅಲ್ಲಿಯ ಬೆಕ್ಕುಗಳಿಗೆ ಹರಡುತ್ತದೆ. 1976ರ 42ನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪವೂ ಒಂದು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ರೋಗದ ಗುರುತುಗಳು

ಬೆಕ್ಕು ತನ್ನ ನೋವನ್ನು ಅಡಗಿಸುವ ಪ್ರಾಣಿ. ಅದು ರೋಗಿಯೆಂದು ನಮಗೆ ತಿಳಿಯುವ ವೇಳೆಗೆ ರೋಗ ಬಲಿತಿರುತ್ತದೆ. ಸೀನು, ಕಣ್ಣಿನ ಪಿಸುರು, ಬಾಯಿಯ ಹುಣ್ಣು ಇವು ಬೆಕ್ಕಿನ ಶೀತಜ್ವರದ ಲಕ್ಷಣಗಳು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದು. ವಾಸನೆ ತಿಳಿಯದ ಬೆಕ್ಕು ತಿನ್ನದು. ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ, ವಿಶೇಷವಾಗಿ ಮೈತುಂಬಿದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಶೇಖರಗೊಂಡು ಹೊಸದೊಂದು ರೋಗವೇ ಆರಂಭವಾಗುತ್ತದೆ.

ಜ್ವರ, ವಾಂತಿ, ಭೇದಿಗಳು ಒಟ್ಟಿಗೆ ಕಾಣಿಸಿಕೊಂಡು ಮರಿಗಳು ಒಂದರ ಹಿಂದೊಂದು ಸಾಯತೊಡಗಿದರೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಭೀಕರ ರೋಗವನ್ನು ಶಂಕಿಸಬೇಕು. ಅದರ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಅದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಲಸಿಕೆ ಹಾಕಿಸದ ಮನೆಯ ಬೆಕ್ಕಿಗೆ ನಮ್ಮ ಚಪ್ಪಲಿಯ ಮೂಲಕವೂ ತಲಪಬಹುದು.

ಮೂರು ಸಂದರ್ಭಗಳಲ್ಲಿ ಒಂದು ಗಂಟೆಯೂ ಕಾಯಬಾರದು: ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಗಂಡುಬೆಕ್ಕು ಮತ್ತೆಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ, ಮೈ ತಣ್ಣಗಾಗಿ ಎಬ್ಬಿಸಿದರೂ ಏಳದಿದ್ದರೆ. ಮೂತ್ರ ಕಟ್ಟಿದ ಬೆಕ್ಕು ಎರಡು ಮೂರು ದಿನಗಳಲ್ಲಿ ಸಾಯಬಹುದು.

ಪ್ರಥಮ ಆರೈಕೆ

ಮೊದಲು ಬೇಕಾದದ್ದು ನಿಶ್ಶಬ್ದ, ಬೆಚ್ಚನೆಯ ಸ್ಥಳ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ದಪ್ಪ ಟವೆಲಿನಿಂದ ಬೆಕ್ಕನ್ನು ಮೆಲ್ಲನೆ ಸುತ್ತಿ ಒಳಗಿಡಬೇಕು. ಮಕ್ಕಳ ಗುಂಪನ್ನು ದೂರವಿಡಬೇಕು. ಕಣ್ಣಿನ ಪಿಸುರನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು. ಬೇಯಿಸಿ ಮುಳ್ಳು ತೆಗೆದ ಬಂಗಡೆಯನ್ನೋ ಕೋಳಿಮಾಂಸವನ್ನೋ ಉಪ್ಪು ಖಾರವಿಲ್ಲದೆ, ಸ್ವಲ್ಪ ಬೆಚ್ಚಗಿರುವಾಗ ಮುಂದಿಟ್ಟರೆ ವಾಸನೆ ಎದ್ದು ಹಸಿವು ಕೆರಳಬಹುದು. ಉಳಿದ ಮೀನುಸಾರನ್ನು ಹಾಕಬಾರದು. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ನೀರನ್ನು ಬಲವಂತದಿಂದ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಪರೇಲಿನ ಹಳೆಯ ಆಸರೆ

ಈ ನಗರದಲ್ಲಿ ಮೂಕಪ್ರಾಣಿಗಳ ಚಿಕಿತ್ಸೆಗೆ ದೀರ್ಘ ಪರಂಪರೆಯುಂಟು. ಪ್ರಾಣಿಹಿಂಸೆಯನ್ನು ತಡೆಯುವ ಸಂಘವೊಂದು ಇಲ್ಲಿ 1874ರಲ್ಲಿಯೇ ಸ್ಥಾಪನೆಯಾಯಿತು. ಮರುದಶಕದಲ್ಲಿ ಗಿರಣಿ ಉದ್ಯಮಿ ಸರ್ ದಿನ್‌ಶಾ ಮಾನೆಕ್‌ಜಿ ಪೆಟಿಟ್ ಅವರ ದಾನದಿಂದ, ಅವರ ಪತ್ನಿ ಸಕರಬಾಯಿಯವರ ಹೆಸರಿನಲ್ಲಿ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆ ಏರ್ಪಟ್ಟಿತು. 1886ರಲ್ಲಿ ಅಲ್ಲಿಯೇ ಮುಂಬಯಿ ಪಶುವೈದ್ಯ ಕಾಲೇಜು ಆರಂಭವಾಯಿತು. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ಗಳ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ತೆರೆದಿದೆ.

ಉಪನಗರದವರು ಒಂದು ಮಾತನ್ನು ನೆನಪಿಡಬೇಕು. ಆಟೋರಿಕ್ಷಾ ಬಾಂದ್ರಾ ಅಥವಾ ಸಯನ್‌ವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಪರೇಲಿಗೆ ಟ್ಯಾಕ್ಸಿ ಹಿಡಿಯಬೇಕು. ಮುಲುಂಡಿನಿಂದಲೋ ಬೊರಿವಲಿಯಿಂದಲೋ ನಿತ್ರಾಣ ಬೆಕ್ಕನ್ನು ಅಷ್ಟು ದೂರ ಒಯ್ಯುವುದಕ್ಕಿಂತ ಹತ್ತಿರದ ಪಶುವೈದ್ಯರಿಗೆ ಮೊದಲು ತೋರಿಸುವುದು ಮೇಲು. ಹೊರಡುವ ಮುನ್ನ ದೂರವಾಣಿಯಲ್ಲಿ ಕೇಳಿಕೊಂಡರೆ ಬಾಗಿಲು ಮುಚ್ಚಿದ ದವಾಖಾನೆಯ ಮುಂದೆ ನಿಲ್ಲುವ ಪ್ರಸಂಗ ಬಾರದು.

ಉಪಚರಿಸುವವರ ರಕ್ಷಣೆ

ದಯಾಳುವು ತನ್ನ ಪ್ರಾಣವನ್ನು ಪಣಕ್ಕಿಡಬೇಕಾಗಿಲ್ಲ. ಹುಚ್ಚುನಾಯಿ ಕಡಿದ ಬೆಕ್ಕಿಗೂ ರೇಬಿಸ್ ಬರುತ್ತದೆ. ಸೌಮ್ಯವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಎರಗಿದರೆ, ಜೊಲ್ಲು ಸುರಿಸುತ್ತ ತೂರಾಡಿದರೆ, ಅದನ್ನು ಮುಟ್ಟದೆ ಬಲ್ಲವರನ್ನು ಕರೆಸಬೇಕು. ಯಾವ ಬೀದಿ ಬೆಕ್ಕು ಕಚ್ಚಿದರೂ, ಪರಚಿ ರಕ್ತ ಬಂದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ರೇಬಿಸ್ ಲಸಿಕೆ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಆರಂಭಿಸಿದ ಸರದಿಯನ್ನು ಮಧ್ಯದಲ್ಲಿ ನಿಲ್ಲಿಸಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಬಳಿಕ ರೇಬಿಸ್‌ನಿಂದ ಬದುಕಿ ಉಳಿಯುವುದು ಅತ್ಯಂತ ವಿರಳ. ಗರ್ಭಿಣಿಯರು ಬೆಕ್ಕಿನ ಮಲವನ್ನು ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಹಂಚಿಕೊಂಡ ಹೊಣೆ

ಒಬ್ಬರೇ ಹೊತ್ತ ಹೊಣೆ ಬೇಗ ಭಾರವಾಗುತ್ತದೆ. ಕಟ್ಟಡದ ನಾಲ್ಕು ಮನೆಯವರು ಸೇರಿದರೆ ಖರ್ಚೂ ಹಗುರ, ಶ್ರಮವೂ ಹಗುರ. ಒಂದು ಸಣ್ಣ ಪುಸ್ತಕದ ಎಡಪುಟದಲ್ಲಿ ಬಂದ ಹಣ ಮತ್ತು ಔಷಧದ ರಸೀದಿ, ಬಲಪುಟದಲ್ಲಿ ಬೆಕ್ಕು ಎಷ್ಟು ತಿಂದಿತು, ಮೂತ್ರ ಮಾಡಿತೇ, ಔಷಧ ಯಾವಾಗ ಕೊಟ್ಟದ್ದು ಎಂಬುದನ್ನು ಬರೆದಿಟ್ಟರೆ ನೆರೆಹೊರೆಯ ವಿಶ್ವಾಸವೂ ಉಳಿಯುತ್ತದೆ, ವೈದ್ಯರಿಗೂ ಉಪಯೋಗವಾಗುತ್ತದೆ. ಗುಣವಾದ ಬೆಕ್ಕಿಗೆ ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅದರ ಪರಿಚಿತ ಸ್ಥಳದಲ್ಲಿಯೇ ಬಿಡಬೇಕು.

ಎಲ್ಲ ಬೆಕ್ಕುಗಳೂ ಉಳಿಯುವುದಿಲ್ಲ. ವೈದ್ಯರು ಇನ್ನು ಆಸೆಯಿಲ್ಲ, ಯಾತನೆಯಿಂದ ಬಿಡುಗಡೆ ಮಾಡುವುದೇ ಲೇಸು ಎಂದರೆ, ಅದನ್ನು ಒಪ್ಪಿಕೊಳ್ಳುವುದೂ ಕರುಣೆಯೇ. ಆ ದಿನ ಪುಸ್ತಕವನ್ನು ಮುಚ್ಚುವವರ ಮನಸ್ಸಿಗೆ ನೋವಾದೀತು. ಆದರೆ ಅರಿಯದೆ ಕೊಟ್ಟ ಅರ್ಧ ಮಾತ್ರೆಯಿಂದ ಸತ್ತಿತೆಂಬ ಪಶ್ಚಾತ್ತಾಪ ಅವರನ್ನು ಕಾಡುವುದಿಲ್ಲ. ಮೆಟ್ಟಿಲ ಕೆಳಗಿನ ಆ ಪುಟ್ಟ ಜೀವವು ಗೋಣಿಚೀಲದ ಕತ್ತಲೆಯಲ್ಲಿ ಅಲ್ಲ, ಪರಿಚಿತರ ಕೈಯಲ್ಲಿ ಕಣ್ಣು ಮುಚ್ಚಿತೆಂಬ ಸಮಾಧಾನ ಉಳಿಯುತ್ತದೆ.