ನಮ್ಮ ಊರಿನ ಸುದ್ದಿ ಪೇಪರಿಗೆ

ಅಕ್ಕಂದಿರೇ,

ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ನಮ್ಮ ಐಮಂಗಲದ ಪಕ್ಕದಲ್ಲೇ ಇದೆ. ಲಾರಿ, ಬಸ್ಸು, ಕಾರು ದಿನಾ ನೋಡುತ್ತೇವೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ನಡೆದುಕೊಂಡೇ ಹೋದರು. ಒಬ್ಬಿಬ್ಬರಲ್ಲ, ಎರಡು ಸಾವಿರಕ್ಕೂ ಹೆಚ್ಚು ಮಂದಿ. ದಾರಿ ಸುಮಾರು 200 ಕಿಲೋಮೀಟರು. ಜನವರಿ 19ಕ್ಕೆ ಹೊರಟರು. ಗಾಂಧೀಜಿ ತೀರಿಕೊಂಡ ದಿನವಾದ 30ಕ್ಕೆ ಬೆಂಗಳೂರು ಸೇರಿದರು. ದಾರಿಯಲ್ಲಿ ಅಪಘಾತವಾಗಿ ಒಬ್ಬ ತಾಯಿ ಜೀವ ಬಿಟ್ಟರು. ಅವರೆಲ್ಲ ಕೇಳಿದ್ದು ಒಂದೇ ಮಾತು: ನಮ್ಮ ಊರುಗಳಲ್ಲಿ ಮದ್ಯ ಮಾರುವುದು ನಿಲ್ಲಲಿ.

ಪೂರ್ತಿ ನಿಷೇಧ ಬರಲಿಲ್ಲ. ಆದರೆ ನಡೆದವರ ಮಾತು ನಾಡಿಗೆಲ್ಲ ತಿಳಿಯಿತು. ಹೇಗೆ? ಪೇಪರಿನಲ್ಲಿ ಬಂತು, ಟಿ.ವಿ.ಯಲ್ಲಿ ಬಂತು. ಎಲ್ಲಿಂದ ಹೊರಟರು, ಎಷ್ಟು ಮಂದಿ, ಏನು ಕೇಳುತ್ತಾರೆ, ಇಷ್ಟೂ ಸ್ಪಷ್ಟವಾಗಿತ್ತು. ಬರೆಯುವವರಿಗೆ ಅದೇ ಬೇಕು.

ಇನ್ನೂ ಹಳೆಯ ಕಥೆ ಒಂದಿದೆ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ. ಅಲ್ಲಿಯ ಹೆಂಗಸರೂ ನಿಮ್ಮ ಹಾಗೆಯೇ ರಾತ್ರಿ ಕೂತು ಅಕ್ಷರ ಕಲಿತವರು. ಅವರ ಪುಸ್ತಕದಲ್ಲಿ ಕುಡುಕ ಗಂಡನ ಮನೆಯ ಪಾಠವಿತ್ತು. ಓದಿದರು, ಮಾತಾಡಿದರು, "ಇದು ನಮ್ಮದೇ ಮನೆ" ಅಂದರು. ಎದ್ದು ಹೋಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಇದು 1992ರ ಸುಮಾರಿನ ಮಾತು. 'ಈನಾಡು' ಎಂಬ ತೆಲುಗು ಪತ್ರಿಕೆ ಈ ಸುದ್ದಿಯನ್ನು ಬಿಡದೆ ಬರೆಯಿತು. ಒಂದು ಊರಿನದು ಓದಿ ಇನ್ನೊಂದು ಊರಿನವರು ಎದ್ದರು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ.

"ಅವರು ಸಾವಿರಾರು ಮಂದಿ, ಟೀಚರಮ್ಮ. ನಾವು ಹದಿನೈದು ಜನ. ನಮ್ದು ಯಾರು ಹಾಕ್ತಾರೆ?" ಅಂತ ಒಬ್ಬ ಅಕ್ಕ ಕೇಳಬಹುದು. ಹಾಕುತ್ತಾರೆ. ಪತ್ರಿಕೆಗಳಿಗೆ ಜಿಲ್ಲೆಯ ಪುಟ ಇರುತ್ತದೆ. ಆ ಪುಟ ತುಂಬುವುದು ನಮ್ಮಂಥ ಊರುಗಳ ಸುದ್ದಿಯಿಂದಲೇ. ಹಿರಿಯೂರಿನಂಥ ತಾಲ್ಲೂಕು ಊರಿನಲ್ಲಿ ವರದಿಗಾರರು ಇರುತ್ತಾರೆ. ಅವರು ಎಲ್ಲಾ ಹಳ್ಳಿಗೂ ಬರಲಾರರು. ಸುದ್ದಿ ನಾವೇ ಬರೆದು ಮುಟ್ಟಿಸಬೇಕು.

ಬರೆಯುವಾಗ ನಾವು ಮಾಡುವ ತಪ್ಪು ಏನು ಗೊತ್ತೇ? ಮನಸ್ಸಿನ ಸಂಕಟವೆಲ್ಲ ಮೊದಲು ಬರೆಯುತ್ತೇವೆ. "ನಮ್ಮ ಗೋಳು ಕೇಳೋರಿಲ್ಲ" ಅಂತ ಶುರುಮಾಡಿದರೆ ಯಾವ ಊರು, ಯಾವ ಗೋಳು ಅಂತ ತಿಳಿಯುವುದಿಲ್ಲ. ಮೊದಲು ಸಂಗತಿ ಬರಲಿ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ? ಈ ಐದಕ್ಕೆ ಉತ್ತರ ಮೊದಲ ನಾಲ್ಕು ಸಾಲಿನಲ್ಲೇ ಇರಲಿ. ಜಾಗ ಸಾಲದಿದ್ದರೆ ಪತ್ರಿಕೆಯವರು ಕೊನೆಯ ಸಾಲು ಕತ್ತರಿಸುತ್ತಾರೆ. ಮುಖ್ಯ ಮಾತು ಕೊನೆಗೆ ಇಟ್ಟರೆ ಅದೇ ಹೋಯಿತು!

ಒಂದು ಮಾದರಿ ನೋಡಿ:

"ಐಮಂಗಲ: ಗ್ರಾಮದ ಗೂಡಂಗಡಿಗಳಲ್ಲಿ ಪರವಾನಗಿ ಇಲ್ಲದೆ ಮದ್ಯ ಮಾರುವುದನ್ನು ತಡೆಯಬೇಕೆಂದು ಮಹಿಳಾ ಸಂಘದ 15 ಸದಸ್ಯೆಯರು ಸೋಮವಾರ ತಹಶೀಲ್ದಾರರಿಗೆ ಮನವಿ ಕೊಟ್ಟರು. ಕೂಲಿಯ ಹಣ ಮನೆಗೆ ಬರುತ್ತಿಲ್ಲ, ಸಂಜೆ ಆ ದಾರಿಯಲ್ಲಿ ಹೆಣ್ಣುಮಕ್ಕಳು ಓಡಾಡಲು ಹೆದರುತ್ತಾರೆ ಎಂದು ಅವರು ತಿಳಿಸಿದರು."

ಇದರಲ್ಲಿ ಅಂಗಡಿಯವನ ಹೆಸರಿಲ್ಲ. ಯಾಕೆ? ಕೈಯಲ್ಲಿ ಸಾಕ್ಷಿ ಇಲ್ಲದೆ ಹೆಸರು ಬರೆದರೆ ಮಾನಹಾನಿ ಕೇಸು ನಮ್ಮ ಮೇಲೇ ಬರಬಹುದು. ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ, ನಿಜ. ಹೆಸರನ್ನು ಪೊಲೀಸರಿಗೆ ಇಲ್ಲವೇ ಅಬಕಾರಿ ಇಲಾಖೆಗೆ ಕೊಡುವ ದೂರಿನಲ್ಲಿ ಬರೆಯಿರಿ. ದೂರು ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಪೇಪರಿಗೆ ಅದರ ತಾರೀಖು ಸಾಕು.

ಹಾಳೆಯ ಕೆಳಗೆ ಇಬ್ಬರ ಸಹಿ, ಒಂದು ಫೋನ್ ನಂಬರು ಇರಲಿ. ವರದಿಗಾರರು ವಿಚಾರಿಸದೆ ಹಾಕುವುದಿಲ್ಲ, ಹಾಕಲೂಬಾರದು. ಹೆಬ್ಬೆಟ್ಟು ಬೇಡ, ಈಗ ನಿಮಗೆ ಸಹಿ ಬರುತ್ತದಲ್ಲ! ಸುದ್ದಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ತಲುಪಿಸಿ. ರಾತ್ರಿ ಪೇಪರು ಅಚ್ಚಾಗುತ್ತದೆ. ಈಗ ವಾಟ್ಸಾಪಿನಲ್ಲೂ ಕಳಿಸಬಹುದು. ಮನವಿ ಕೊಡುವಾಗಿನ ಒಂದು ಫೋಟೋ ಜೊತೆಗಿರಲಿ. ಸುದ್ದಿ ಹಾಕಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ದುಡ್ಡು ಕೊಟ್ಟು ಹಾಕಿಸುವುದು ಜಾಹೀರಾತು, ಸುದ್ದಿಯಲ್ಲ.

ಒಂದು ಸಲ ಬರಲಿಲ್ಲವೆಂದು ಕೈಬಿಡಬೇಡಿ. ಸಂಪಾದಕರಿಗೆ ಕಾಗದ ಬರೆಯಿರಿ. ಓದುಗರ ಪತ್ರಗಳಿಗೆ ಪತ್ರಿಕೆಗಳಲ್ಲಿ ಜಾಗ ಇರುತ್ತದೆ. ಬಂದ ಸುದ್ದಿಯನ್ನು ಕತ್ತರಿಸಿ ಸಂಘದ ಪುಸ್ತಕದಲ್ಲಿ ಅಂಟಿಸಿ. ಮುಂದಿನ ಸಲ ಕಚೇರಿಗೆ ಹೋಗುವಾಗ ಅದನ್ನು ತೋರಿಸಬಹುದು.

ಓದಿ, ಬರೆಯಿರಿ

1. ಮಾದರಿ ಸುದ್ದಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ? ಗೆರೆ ಎಳೆದು ಗುರುತಿಸಿ.
2. ಅಂಗಡಿಯವನ ಹೆಸರನ್ನು ಎಲ್ಲಿ ಬರೆಯಬೇಕು?
3. ನಿಮ್ಮ ಓಣಿಯ ಒಂದು ತೊಂದರೆಯನ್ನು ನಾಲ್ಕು ಸಾಲಿನ ಸುದ್ದಿ ಮಾಡಿ. ನಾಳೆ ರಾತ್ರಿ ತನ್ನಿ, ಎಲ್ಲರೂ ಕೂತು ಓದೋಣ.