ಫೋರ್ ಬೈ ಫೋರ್ ಬೇಕೆ, ದೊಡ್ಡ ಟೈರು ಸಾಕೆ?

ಗಲ್ಫ್ ಕೆಲಸ ಬಿಟ್ಟು ಬಂದ ನನ್ನ ಮಾಮು ಈಗ ನಮ್ಮ ಹೆಬಳೆಯಲ್ಲೇ ಇದ್ದಾರೆ. ಹಾಡುವಳ್ಳಿ ಕಡೆ ಅವರದೊಂದು ಅಡಿಕೆ ತೋಟ ಇದೆ. ಡಾಂಬರು ಮುಗಿದ ಮೇಲೆ ಕೆಂಪು ಮಣ್ಣಿನ ರಸ್ತೆ, ಕೊನೆಗೆ ಕಡಿದಾದ ಏರು. ಮಳೆಗಾಲದಲ್ಲಿ ನಡೆದರೂ ಜಾರುತ್ತದೆ. ಅದಕ್ಕೇ ಥಾರ್ ಕೊಳ್ಳುವ ಯೋಚನೆ. ನಾನು ಕಾಮರ್ಸ್ ಓದುತ್ತಿರುವುದರಿಂದ ಲೆಕ್ಕ ನನ್ನ ಪಾಲಿಗೆ ಬಂತು.

2020ರಲ್ಲಿ ಬಂದ ಹೊಸ ಥಾರ್ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಹುದು. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಅಗ್ಗದ ಮಾದರಿ 2023ರ ಜನವರಿಯಲ್ಲಿ ಬಂತು. "ಅಗ್ಗದ್ದು ತಗೊಂಡು, ಉಳಿದ ದುಡ್ಡಲ್ಲಿ ಹೊರಗೆ ದೊಡ್ಡ ಟೈರು, ಲೈಟು ಹಾಕಿಸೋಣ. ದುಬೈಯಲ್ಲಿ ಹಾಗೇ ಮಾಡ್ತಾರೆ" ಎಂದರು ಮಾಮು.

ಸುಲಭವಾಗಲಿ ಎಂದು ಒಂದರ ಬೆಲೆ 9,90,000, ಇನ್ನೊಂದರದು 13,00,000 ಎಂದು ಇಟ್ಟುಕೊಂಡೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 5 ಲಕ್ಷ ದಾಟಿ 10 ಲಕ್ಷದವರೆಗೆ ಶೇ. 14, ಅದು ದಾಟಿದರೆ 20 ಲಕ್ಷದವರೆಗೆ ಶೇ. 17. ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. ಮೊದಲನೆಯದಕ್ಕೆ 1,38,600, ಎರಡನೆಯದಕ್ಕೆ 2,21,000. ಒಟ್ಟು ವ್ಯತ್ಯಾಸ 3,92,400 ರೂಪಾಯಿ! ಹೊರಗೆ ಹಾಕಿಸುವ ಟೈರಿಗೆ ಈ ತೆರಿಗೆ ಇಲ್ಲ. ಮಾಮು ಹೇಳಿದ್ದೇ ಸರಿ ಎಂದು ನೋಟ್‌ಬುಕ್ ಮುಚ್ಚಿದೆ.

ಜುಲೈಯಲ್ಲಿ ಪರಿಚಯದವರ ಟೂ ವೀಲ್ ಡ್ರೈವ್ ಗಾಡಿಯಲ್ಲಿ ತೋಟಕ್ಕೆ ಹೋದೆವು. ಅದಕ್ಕೆ ಒಳ್ಳೆಯ ದಪ್ಪ ಟೈರುಗಳೇ ಇದ್ದವು. ಏರಿನ ಅರ್ಧದಲ್ಲಿ ಹಿಂದಿನ ಒಂದು ಚಕ್ರ ಕೆಸರಲ್ಲಿ ಗಿರ್ರನೆ ತಿರುಗತೊಡಗಿತು, ಇನ್ನೊಂದು ಸುಮ್ಮನೆ ನಿಂತಿತ್ತು. ಸಾಮಾನ್ಯ ಡಿಫರೆನ್ಷಿಯಲ್ ಹಾಗೇ ಕೆಲಸ ಮಾಡುತ್ತದೆ: ಒಂದು ಚಕ್ರದ ಹಿಡಿತ ತಪ್ಪಿದರೆ ಆ ಚಕ್ರವೇ ತಿರುಗುತ್ತದೆ, ಹಿಡಿತ ಇರುವ ಚಕ್ರಕ್ಕೂ ಬಲ ಸಾಲುವುದಿಲ್ಲ. ಮುಂದಿನ ಚಕ್ರಗಳು ಗಟ್ಟಿ ಕಲ್ಲಿನ ಮೇಲಿದ್ದವು, ಆದರೆ ಅವಕ್ಕೆ ಎಂಜಿನ್ ಸಂಬಂಧವೇ ಇಲ್ಲ. ಅದನ್ನು ಆಮೇಲೆ ಹೊರಗೆ ಜೋಡಿಸುತ್ತೇನೆ ಎಂದರೆ ಗೇರ್‌ಬಾಕ್ಸ್ ಪಕ್ಕದ ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್ ಎಲ್ಲವೂ ಬೇಕು. ನನ್ನ ಲೆಕ್ಕದಲ್ಲಿ ಈ ಸಾಲೇ ಇರಲಿಲ್ಲ.

ಮನೆಗೆ ಬಂದು ಟೈರಿನ ಲೆಕ್ಕವನ್ನೂ ಹಾಕಿದೆ. ಥಾರ್‌ನ 255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿ.ಮೀ. ಮಾಮು ಮೆಚ್ಚಿದ್ದು 33 ಇಂಚಿನದು, ಅಂದರೆ 838 ಮಿ.ಮೀ. ಶೇ. 6ರಷ್ಟು ದೊಡ್ಡದು. ಮೀಟರಿನಲ್ಲಿ 80 ಕಂಡರೆ ಗಾಡಿ ಓಡುವುದು 85ರಲ್ಲಿ. ಏರಿನಲ್ಲಿ ಎಳೆಯುವ ಬಲವೂ ಅಷ್ಟೇ ಕಡಿಮೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮುಂದೆ ಹಾಕಿಸುವ ಕಬ್ಬಿಣದ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಹೊರಗೆ ಹಾಕಿಸಿದ ಲೈಟು, ಸ್ಟೀರಿಯೊ ಮುಂತಾದವನ್ನು ವಿಮೆಯಲ್ಲಿ ಪ್ರತ್ಯೇಕವಾಗಿ ತೋರಿಸದಿದ್ದರೆ ಕಳೆದುಹೋದಾಗ ದುಡ್ಡು ಸಿಗುವುದಿಲ್ಲ.

ಆದರೂ ನಾಲ್ಕು ಲಕ್ಷ ಎಲ್ಲಿಂದ ತರುವುದು? ಉತ್ತರ ಸಿಕ್ಕಿದ್ದು ನಮ್ಮ ಸವಕಳಿ ಪಾಠದಲ್ಲಿ. (ಮಾಮುಗೆ ಆ ಪದ ತಿಳಿಯಲಿಲ್ಲ, 'ಘಿಸಾಯಿ' ಎಂದೆ, ನಕ್ಕರು.) ವಿಮೆಯ ಪಟ್ಟಿಯಲ್ಲಿ ಮೂರು ವರ್ಷ ದಾಟಿದ ಗಾಡಿಯ ಬೆಲೆಯಿಂದ ಶೇ. 40 ಕಳೆಯುತ್ತಾರೆ. ಮಾರುಕಟ್ಟೆಯಲ್ಲಿ ಥಾರ್ ಅಷ್ಟು ಇಳಿಯುವುದಿಲ್ಲ, ಆದರೂ ಹಳೆಯ ಫೋರ್ ಬೈ ಫೋರ್ ನಮ್ಮ ಕೈಗೆಟುಕುತ್ತದೆ. ಜೀವಾವಧಿ ತೆರಿಗೆಯನ್ನೂ ಮೊದಲಿನವರೇ ಕಟ್ಟಿರುತ್ತಾರೆ.

ಕಳೆದ ವಾರ ಹೊನ್ನಾವರದಲ್ಲಿ ಒಂದನ್ನು ನೋಡಿ ಬಂದೆವು. ದೊಡ್ಡ ಟೈರು, ಬುಲ್ ಬಾರ್, ಮೇಲೆ ಆರು ಲೈಟು. ಮಾಲೀಕರು ಅದಕ್ಕೆಲ್ಲ ಸೇರಿಸಿ ಹೆಚ್ಚಿನ ಬೆಲೆ ಹೇಳಿದರು. ಮಾಮು ಗಾಡಿಯ ಸುತ್ತ ಒಂದು ಸಲ ಬಂದು ಕೇಳಿದರು: "ಕಂಪನಿಯಿಂದ ಬಂದ ಟೈರು ಇಟ್ಟಿದ್ದೀರಾ?"